ಸೈಕಲ್ ಪಂಚರ್: ಪ್ಯಾಚ್ ಹಾಕುವ ಮೊದಲು ತೂತನ್ನು ಓದಿ

ಹೋದ ಕಾರ್ತಿಕದಲ್ಲಿ ನನ್ನ ಅಕ್ಕನ ಮಗನ ಸೈಕಲ್ ಒಂದೇ ವಾರದಲ್ಲಿ ಮೂರು ಸಲ ಪಂಚರ್ ಆಯಿತು. ಮೂರೂ ಸಲ ಹಿಂದಿನ ಚಕ್ರವೇ. ಅವನು ಶಿಡ್ಲಘಟ್ಟದ ಹೈಸ್ಕೂಲಿಗೆ ಹೋಗುವುದು ಕೆರೆ ಏರಿ ಮೇಲಿನ ದಾರಿಯಲ್ಲಿ. ಮೂರನೇ ಸಲ ಸೈಕಲ್ ತಳ್ಳಿಕೊಂಡು ಬಂದು, ಜಗಲಿಗೆ ಒರಗಿಸಿ, "ಮಾವ, ಈ ಟ್ಯೂಬೇ ಸರಿಯಿಲ್ಲ. ಹೊಸದು ಕೊಡಿಸಿ" ಅಂದ. ಅಳು ಗಂಟಲಿಗೇ ಬಂದಿತ್ತು. ಮೂರು ದಿನ ಮೊದಲ ಪೀರಿಯಡ್ ತಪ್ಪಿಸಿಕೊಂಡ ಹುಡುಗ, ಪಾಪ.

ಟ್ಯೂಬ್ ಬಿಚ್ಚಿ ನೋಡಿದೆ. ಎರಡು ಪ್ಯಾಚ್ ಒಂದರ ಪಕ್ಕ ಒಂದು ಕೂತಿದ್ದವು. ಹೊಸ ತೂತು ಅವುಗಳಿಂದ ಒಂದು ಬೆರಳು ದೂರದಲ್ಲಿತ್ತು. ಅಷ್ಟು ಉದ್ದದ ಟ್ಯೂಬಿನಲ್ಲಿ ಮೂರು ಬೇರೆ ಬೇರೆ ಮುಳ್ಳುಗಳು ಬಂದು ಒಂದೇ ಕಡೆ ಚುಚ್ಚುತ್ತವೆಯೇ? ಟ್ಯೂಬನ್ನು ಟೈರಿನ ಪಕ್ಕ ಇಟ್ಟು, ವಾಲ್ವ್ ಇದ್ದ ಜಾಗದಿಂದ ಗೇಣು ಹಾಕಿ ಅಳೆದು, ಅದೇ ಜಾಗದಲ್ಲಿ ಟೈರಿನ ಒಳಗೆ ಬೆರಳಾಡಿಸಿದೆ. ಏನೂ ಸಿಗಲಿಲ್ಲ. ಟೈರನ್ನು ಹಿಂದಕ್ಕೆ ಬಗ್ಗಿಸಿ ಒಳಮೈ ಉಬ್ಬುವ ಹಾಗೆ ಮಾಡಿದೆ. ಆಗ ಕಂಡಿತು, ಅಕ್ಕಿಕಾಳಿನ ಅರ್ಧದಷ್ಟಿದ್ದ ಒಂದು ಕಪ್ಪು ಮೊನೆ. ಬಳ್ಳಾರಿ ಜಾಲಿ ಮುಳ್ಳಿನ ತುದಿ. ಹೊರಗಡೆ ಮುರಿದು ಹೋಗಿ, ತುದಿ ಮಾತ್ರ ರಬ್ಬರಿನೊಳಗೆ ಉಳಿದಿತ್ತು. ಚಕ್ರ ಎತ್ತಿ ಹಿಡಿದಾಗ ಅದು ಒಳಗೆ ಅಡಗಿರುತ್ತದೆ. ಹುಡುಗ ಕೂತು ತುಳಿದಾಗ, ಭಾರ ಬಿದ್ದು ರಬ್ಬರ್ ಅದುಮಿಕೊಂಡಾಗ, ಹೊರಗೆ ಬಂದು ಟ್ಯೂಬಿಗೆ ಚುಚ್ಚುತ್ತದೆ. ಉಗುರು ಕತ್ತರಿಸುವ ಕಟ್ಟರಿನಲ್ಲಿ ಕಚ್ಚಿ ಎಳೆದೆ. ಆ ಟ್ಯೂಬ್ ಇವತ್ತಿಗೂ ಅದೇ ಚಕ್ರದಲ್ಲಿದೆ.

ಪದೇ ಪದೇ ಪಂಚರ್ ಆಗುವ ಸೈಕಲ್‌ಗಳಲ್ಲಿ ಜಾಸ್ತಿ ಪಾಲು ಇದೇ ಕತೆ. ತೂತು ಮುಚ್ಚುತ್ತೇವೆ, ತೂತು ಮಾಡಿದ್ದನ್ನು ಒಳಗೇ ಬಿಡುತ್ತೇವೆ. ತೂತನ್ನು ಸರಿಯಾಗಿ ನೋಡಿದರೆ ಅದು ಎಲ್ಲವನ್ನೂ ಹೇಳುತ್ತದೆ: ಯಾವುದು ಚುಚ್ಚಿತು, ಎಲ್ಲಿಂದ ಬಂತು, ತಪ್ಪು ರಸ್ತೆಯದೋ ನಮ್ಮದೋ ಅನ್ನುವುದನ್ನೂ.

ತೂತು ಏನು ಹೇಳುತ್ತದೆ

ಟ್ಯೂಬಿಗೆ ಎರಡು ಮೈ. ಟೈರಿಗೆ ತಾಗಿಕೊಂಡಿರುವ ಹೊರಮೈ ಒಂದು, ರಿಮ್ಮಿಗೆ ತಾಗಿಕೊಂಡಿರುವ ಒಳಮೈ ಇನ್ನೊಂದು. ವಾಲ್ವ್ ಇರುವುದು ಒಳಮೈಯಲ್ಲಿ. ತೂತು ಸಿಕ್ಕ ತಕ್ಷಣ ಮೊದಲು ನೋಡಬೇಕಾದ್ದು ಅದು ಯಾವ ಮೈಯಲ್ಲಿದೆ ಅಂತ.

ಹೊರಮೈಯಲ್ಲಿ ಒಂದೇ ಒಂದು ಸೂಜಿಮೊನೆ ತೂತಿದ್ದರೆ ಮುಳ್ಳು, ಮೊಳೆ, ತಂತಿ ಅಥವಾ ಗಾಜಿನ ಚೂರು. ಅದೇ ಜಾಗದಲ್ಲಿ ಟೈರಿನೊಳಗೆ ಹುಡುಕಬೇಕು. ಸಿಗುವವರೆಗೂ ಹುಡುಕಬೇಕು.

ಒಳಮೈಯಲ್ಲಿ ತೂತಿದ್ದರೆ ರಸ್ತೆಯನ್ನು ಬೈದು ಪ್ರಯೋಜನವಿಲ್ಲ. ಅದು ರಿಮ್ಮಿನ ಕಡೆಯಿಂದ ಆದದ್ದು. ರಿಮ್ಮಿನ ನಡುವೆ ಚಕ್ರದ ಕಡ್ಡಿಗಳ (ಸ್ಪೋಕ್) ತುದಿ, ಅಂದರೆ ನಿಪ್ಪಲ್‌ಗಳು ಇರುತ್ತವೆ. ಅವುಗಳ ಮೇಲೆ ಒಂದು ರಬ್ಬರಿನ ಅಥವಾ ಬಟ್ಟೆಯ ಪಟ್ಟಿ ಸುತ್ತಿರುತ್ತಾರೆ. ಆ ಪಟ್ಟಿ ಹಳತಾಗಿ ಹರಿದರೆ, ಇಲ್ಲವೇ ಪಕ್ಕಕ್ಕೆ ಸರಿದರೆ, ಕಡ್ಡಿಯ ತುದಿ ಟ್ಯೂಬಿಗೆ ನೇರವಾಗಿ ಒತ್ತುತ್ತದೆ. ಕಡ್ಡಿ ಬಿಗಿ ಮಾಡಿಸಿದ ಮೇಲೆ ಪಂಚರ್ ಆಗಲು ಶುರುವಾಗಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಬಿಗಿ ಮಾಡಿದಾಗ ಕಡ್ಡಿ ಮೇಲಕ್ಕೆ ಬಂದು ನಿಪ್ಪಲ್‌ನಿಂದ ಆಚೆ ಇಣುಕಿರುತ್ತದೆ. ಅದನ್ನು ಅರದಿಂದ ಉಜ್ಜಿ ಸಮ ಮಾಡಿ, ಹೊಸ ಪಟ್ಟಿ ಹಾಕಬೇಕು. ಇಷ್ಟು ಮಾಡದೆ ಎಷ್ಟು ಟ್ಯೂಬ್ ಬದಲಿಸಿದರೂ ದುಡ್ಡು ದಂಡ.

ಅಕ್ಕಪಕ್ಕದಲ್ಲಿ ಎರಡು ಸಣ್ಣ ಸೀಳು, ಹಾವು ಕಚ್ಚಿದ ಗುರುತಿನ ಹಾಗೆ ಇದ್ದರೆ? ಮುಳ್ಳು ಅಲ್ಲ, ಗಾಳಿ ಕಮ್ಮಿ. ಹಳ್ಳಕ್ಕೋ ಕಲ್ಲಿಗೋ ಚಕ್ರ ಬಡಿದಾಗ ಟೈರ್ ಪೂರ್ತಿ ಅದುಮಿ, ಟ್ಯೂಬ್ ಟೈರಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಸಿಕ್ಕಿ ಜಜ್ಜಿಹೋಗಿದೆ. ಎರಡು ಅಂಚು, ಅದಕ್ಕೇ ಎರಡು ಸೀಳು. ಒಂದಕ್ಕೆ ಮಾತ್ರ ಪ್ಯಾಚ್ ಹಾಕಿ ಇನ್ನೊಂದನ್ನು ಮರೆತು, ಮನೆ ಮುಟ್ಟುವಷ್ಟರಲ್ಲಿ ಮತ್ತೆ ಇಳಿದುಹೋಗುವುದು ತುಂಬಾ ಸಾಮಾನ್ಯ. ಒಂದು ತೂತು ಸಿಕ್ಕ ಮೇಲೂ ಉಳಿದ ಟ್ಯೂಬನ್ನು ನೀರಿನಲ್ಲಿ ಪೂರ್ತಿ ಸುತ್ತಿಸಿ ನೋಡಿ.

ವಾಲ್ವ್ ಬುಡದಲ್ಲೇ ಹರಿದಿದ್ದರೆ, ಗಾಳಿ ಕಮ್ಮಿ ಇಟ್ಟುಕೊಂಡೇ ತುಂಬಾ ದಿನ ಓಡಿಸಿದ್ದೀರಿ ಅಂತ ಅರ್ಥ. ಗಾಳಿ ಇಲ್ಲದ ಟೈರ್ ರಿಮ್ಮಿನ ಮೇಲೆ ನಿಧಾನವಾಗಿ ಜಾರುತ್ತದೆ, ಟ್ಯೂಬನ್ನೂ ಜೊತೆಗೆ ಎಳೆಯುತ್ತದೆ. ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬುಡ ಕಿತ್ತುಬರುತ್ತದೆ. ಅದಕ್ಕೆ ಪ್ಯಾಚ್ ನಿಲ್ಲುವುದಿಲ್ಲ, ಹೊಸ ಟ್ಯೂಬೇ ದಾರಿ. ಸೈಕಲ್ ನಿಲ್ಲಿಸಿದಾಗ ವಾಲ್ವ್ ಓರೆಯಾಗಿ ಕಂಡರೆ ಆಗಲೇ ಗಾಳಿ ಬಿಟ್ಟು ಟ್ಯೂಬನ್ನು ನೇರ ಮಾಡಿಕೊಳ್ಳಿ.

ಇನ್ನೊಂದು ಇದೆ, ತೂತೇ ಇಲ್ಲದ ಪಂಚರ್. ನಮ್ಮ ಹಳೇ ಸೈಕಲ್‌ಗಳ ವಾಲ್ವ್‌ನಲ್ಲಿ ಒಂದು ಸಣ್ಣ ಕಡ್ಡಿ, ಅದರ ಮೇಲೆ ಶಾವಿಗೆಯಂಥ ರಬ್ಬರ್ ಕೊಳವೆ ಇರುತ್ತದೆ. ಅದೇ ವಾಲ್ ಟ್ಯೂಬ್. ಪಂಪು ಹೊಡೆದಾಗ ಗಾಳಿ ಆ ರಬ್ಬರನ್ನು ಉಬ್ಬಿಸಿಕೊಂಡು ಒಳಗೆ ಹೋಗುತ್ತದೆ. ನಿಲ್ಲಿಸಿದಾಗ ರಬ್ಬರ್ ಮತ್ತೆ ಕಡ್ಡಿಗೆ ಅಂಟಿಕೊಂಡು ದಾರಿ ಮುಚ್ಚುತ್ತದೆ. ಬಿಸಿಲಿಗೆ ಅದು ಬಿರಿದರೆ ರಾತ್ರಿ ತುಂಬಿಸಿದ ಗಾಳಿ ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ. ವಾಲ್ವ್ ತುದಿಗೆ ಒಂದು ಹನಿ ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ಚಕ್ರ ಬಿಚ್ಚುವ ಕೆಲಸವೇ ಇಲ್ಲ, ಒಂದು ತುಂಡು ವಾಲ್ ಟ್ಯೂಬ್ ಬದಲಿಸಿದರೆ ಸಾಕು. ನಾನಂತೂ ಯಾವ ಪಂಚರ್ ಇದ್ದರೂ ಮೊದಲು ಇದನ್ನೇ ನೋಡುತ್ತೇನೆ.

ನಮ್ಮ ಕಡೆಯ ಮುಳ್ಳುಗಳು

ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ಕಡೆ ಓಡಾಡಿದವರಿಗೆ ಗೊತ್ತು, ಇಲ್ಲಿನ ಕೆರೆ ಅಂಗಳಗಳಲ್ಲಿ ಬಳ್ಳಾರಿ ಜಾಲಿ ಎಷ್ಟು ಬೆಳೆದಿದೆ ಅಂತ. ದೂರದ ಅಮೆರಿಕ ಖಂಡದಿಂದ ಬಂದ ಗಿಡ, ಈಗ ನಮ್ಮ ಸೌದೆಯೂ ಅದೇ, ಬೇಲಿಯೂ ಅದೇ. ಬೇಲಿ ಕಟ್ಟುವ ಕಾಲಕ್ಕೆ ಜನ ಮುಳ್ಳುಕೊಂಬೆಗಳನ್ನು ರಸ್ತೆಯ ಮೇಲೆ ದರದರ ಎಳೆದುಕೊಂಡು ಹೋಗುತ್ತಾರೆ. ಹಿಂದೆ ಉದುರಿದ ಕಡ್ಡಿಗಳು ರಸ್ತೆ ಅಂಚಿನಲ್ಲಿ ಉಳಿಯುತ್ತವೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆ ಮೇಲೇ ಹರಡುತ್ತಾರಲ್ವಾ, ಆ ಹುಲ್ಲಿನ ಕೆಳಗೆ ಏನಿದೆ ಅಂತ ಕಾಣುವುದೇ ಇಲ್ಲ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಒಳ್ಳೆಯದು.

ಜಾಲಿಗಿಂತ ಸಣ್ಣದು, ಆದರೆ ಅದಕ್ಕಿಂತ ಚಾಲಾಕಿ ನೆಗ್ಗಿಲು ಮುಳ್ಳು. ನೆಲಕ್ಕೆ ಹರಡಿದ ಬಳ್ಳಿ, ಐದು ಎಸಳಿನ ಸಣ್ಣ ಹಳದಿ ಹೂವು. ನೋಡಿದರೆ ಮುದ್ದು ಬರುತ್ತದೆ. ಅದರ ಕಾಯಿ ಒಣಗಿ ಐದು ಹೋಳಾಗಿ ಬೀಳುತ್ತದೆ. ಪ್ರತಿ ಹೋಳಿಗೂ ಗಟ್ಟಿ ಮುಳ್ಳುಗಳು. ಆ ಹೋಳು ಹೇಗೇ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಮುಖ ಮಾಡಿಯೇ ಕೂರುತ್ತದೆ. ಪ್ರಾಣಿಗಳ ಕಾಲಿಗೆ ಚುಚ್ಚಿಕೊಂಡು ಊರೂರು ತಿರುಗಿ ಬೀಜ ಬಿತ್ತುವುದು ಅದರ ಉಪಾಯ. ನಮ್ಮ ಟೈರೂ ಅದಕ್ಕೆ ಒಂದು ಕಾಲೇ. ಗದ್ದೆ ಬದು, ಆಟದ ಬಯಲು, ರಸ್ತೆ ಪಕ್ಕದ ಮಣ್ಣಿನ ದಾರಿ, ಇವು ಅದರ ತವರು.

ದೊಡ್ಡ ರಸ್ತೆಯ ಕತೆ ಬೇರೆ. ಚಿಕ್ಕಬಳ್ಳಾಪುರದ ಪಕ್ಕದಲ್ಲಿ ಹಾದುಹೋಗುವ ಹೈದರಾಬಾದ್ ಹೆದ್ದಾರಿಯ ಅಂಚಿನಲ್ಲಿ ಲಾರಿ ಟೈರುಗಳ ಹರಿದ ತುಂಡುಗಳು ಬಿದ್ದಿರುತ್ತವೆ. ಅವುಗಳ ಒಳಗೆ ಕೂದಲಿನಂಥ ಉಕ್ಕಿನ ತಂತಿ ಇರುತ್ತದೆ. ಪಂಚರ್‌ಗಳಲ್ಲೆಲ್ಲ ಕಂಡುಹಿಡಿಯಲು ಕಷ್ಟವಾದದ್ದು ಇದೇ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸುಲಭವಾಗಿ ಸಿಗುವುದಿಲ್ಲ. ಗಾಳಿಯೂ ಒಮ್ಮೆಲೇ ಹೋಗದೆ ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಇದಕ್ಕೆ ಹಳೇ ಹತ್ತಿಬಟ್ಟೆ ತೆಗೆದುಕೊಂಡು ಟೈರಿನ ಒಳಮೈ ಒರೆಸಿಕೊಂಡು ಹೋಗಿ. ತಂತಿ ಇದ್ದ ಕಡೆ ನೂಲು ಸಿಕ್ಕಿಕೊಳ್ಳುತ್ತದೆ. ಬೆರಳಿಗೂ ಗಾಯವಾಗುವುದಿಲ್ಲ.

ಮಳೆಗಾಲದಲ್ಲಿ ಪಂಚರ್ ಜಾಸ್ತಿ ಅನ್ನುವ ಮಾತು ಸುಳ್ಳಲ್ಲ. ಒದ್ದೆ ರಬ್ಬರನ್ನು ಗಾಜು ಸಲೀಸಾಗಿ ಕೊಯ್ಯುತ್ತದೆ. ನೀರು ಕಸವನ್ನೆಲ್ಲ ತೊಳೆದು ರಸ್ತೆಯ ಅಂಚಿಗೆ ತರುತ್ತದೆ, ನಾವು ಸೈಕಲ್‌ನವರು ಹೋಗುವುದೂ ಅದೇ ಅಂಚಿನಲ್ಲಿ. ಹಿಂದಿನ ಚಕ್ರಕ್ಕೇ ಯಾಕೆ ಜಾಸ್ತಿ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಭಾರದ ದೊಡ್ಡ ಪಾಲು ಅದರ ಮೇಲಿದೆ, ಟೈರೂ ಅಲ್ಲೇ ಬೇಗ ಸವೆಯುತ್ತದೆ. ಜೊತೆಗೆ ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸುತ್ತದೆ, ಹಿಂದಿನದು ಹೋಗಿ ಅದರ ಮೇಲೆ ಹತ್ತುತ್ತದೆ.

ಗಾಳಿಯ ಲೆಕ್ಕ

ಪಂಚರ್ ತಡೆಯಲು ಒಂದೇ ಒಂದು ಕೆಲಸ ಹೇಳಿ ಅಂದರೆ, ಗಾಳಿ ಸರಿಯಾಗಿ ಇಡಿ ಅನ್ನುತ್ತೇನೆ. ಎಷ್ಟು ಅನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಅಂತ ಬರೆದ ಅಂಕಿ ಹುಡುಕಿ. ಅಲ್ಲಿ ಕೊಟ್ಟ ಗರಿಷ್ಠವನ್ನು ದಾಟಬೇಡಿ, ತೀರಾ ಕೆಳಗೂ ಇಳಿಸಬೇಡಿ.

ಯಾಕೆ ಅನ್ನುವುದು ಸಣ್ಣ ಭಾಗಾಕಾರ. ಹುಡುಗ, ಸೈಕಲ್, ಪುಸ್ತಕದ ಬ್ಯಾಗ್ ಎಲ್ಲ ಸೇರಿ 70 ಕೆ.ಜಿ. ಅಂದುಕೊಳ್ಳಿ. ಅದರಲ್ಲಿ ಹಿಂದಿನ ಚಕ್ರದ ಮೇಲೆ 42 ಕೆ.ಜಿ. ಇದೆ ಅನ್ನೋಣ. ಗಾಳಿ 40 ಪಿ.ಎಸ್.ಐ. ಇದ್ದರೆ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.8 ಕೆ.ಜಿ. ಒತ್ತಡ ಇದ್ದರೆ, ಟೈರ್ ನೆಲಕ್ಕೆ ತಾಗುವ ಜಾಗ ಸುಮಾರು 15 ಚದರ ಸೆಂಟಿಮೀಟರ್. ಗಾಳಿ 20ಕ್ಕೆ ಇಳಿದರೆ ಅದೇ ಭಾರ ಹೊರಲು ಹೆಚ್ಚುಕಮ್ಮಿ 30 ಬೇಕು. ನೆಲಕ್ಕೆ ತಾಗುವ ಜಾಗ ದುಪ್ಪಟ್ಟಾದಾಗ ಮುಳ್ಳಿಗೆ ಸಿಗುವ ಜಾಗವೂ ಅಷ್ಟೇ ಹೆಚ್ಚುತ್ತದೆ. ಮೇಲಾಗಿ ಟೈರ್ ಅಷ್ಟು ಚಪ್ಪಟೆಯಾಗಿರುವಾಗ ಒಂದು ಸಣ್ಣ ಕಲ್ಲೂ ಟ್ಯೂಬನ್ನು ರಿಮ್ಮಿಗೆ ಜಜ್ಜುತ್ತದೆ. ಹಿಂದೆ ತಂಗಿಯನ್ನು ಕೂರಿಸಿಕೊಂಡು ಹೋಗುವ ಮಕ್ಕಳ ಸೈಕಲ್‌ಗೆ ಗಾಳಿ ಒಂದಿಷ್ಟು ಜಾಸ್ತಿಯೇ ಇರಬೇಕು.

ಟ್ಯೂಬ್ ಎಷ್ಟೇ ಚೆನ್ನಾಗಿದ್ದರೂ ರಬ್ಬರಿನ ಮೂಲಕ ಗಾಳಿ ಸ್ವಲ್ಪ ಸ್ವಲ್ಪವೇ ಸೋರುತ್ತಲೇ ಇರುತ್ತದೆ. ಬ್ಯೂಟೈಲ್ ಅನ್ನುವ ರಬ್ಬರಿನಲ್ಲಿ ಕಮ್ಮಿ, ಮರದ ಹಾಲಿನ ರಬ್ಬರಿನಲ್ಲಿ ಜಾಸ್ತಿ. ಹಾಗಾಗಿ ವಾರಕ್ಕೊಮ್ಮೆ ಪಂಪು ಹೊಡೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಭಾನುವಾರ ಎಣ್ಣೆಸ್ನಾನಕ್ಕೆ ಮುಂಚೆ ಪಂಪು ಹೊರಗೆ ಬರುತ್ತದೆ.

ಬಿಸಿಲಲ್ಲಿ ನಿಲ್ಲಿಸಿದರೆ ಟೈರ್ ಸಿಡಿಯುತ್ತದೆ ಅಂತ ಹೆದರಿ ಬೇಸಿಗೆಯಲ್ಲಿ ಗಾಳಿ ಇಳಿಸುವವರಿದ್ದಾರೆ. ಲೆಕ್ಕ ನೋಡಿ. ಟೈರಿನೊಳಗಿನ ಗಾಳಿ 20 ಡಿಗ್ರಿಯಿಂದ 40 ಡಿಗ್ರಿಗೆ ಕಾದರೆ 50 ಪಿ.ಎಸ್.ಐ. ಇದ್ದದ್ದು ಸುಮಾರು 54 ಆಗುತ್ತದೆ, ಅಷ್ಟೇ. ಒಳ್ಳೆಯ ಟೈರ್ ಇದಕ್ಕೆ ಸಿಡಿಯುವುದಿಲ್ಲ. ಸಿಡಿದರೆ ಟೈರಿನ ಪಕ್ಕ ಬಿರಿದು ನೂಲು ಬಿಟ್ಟಿರುತ್ತದೆ, ಇಲ್ಲವೇ ಅಂಚು ರಿಮ್ಮಿನಲ್ಲಿ ಸರಿಯಾಗಿ ಕೂತಿರುವುದಿಲ್ಲ. ಬಿಸಿಲು ಮಾಡುವ ನಿಜವಾದ ಹಾನಿ ಬೇರೆ. ವರ್ಷಗಟ್ಟಲೆ ಬಿಸಿಲು ಬಿದ್ದು ರಬ್ಬರ್ ಒಣಗಿ ಬಿರಿಯುತ್ತದೆ. ನೆರಳು ಸಿಕ್ಕರೆ ನೆರಳಲ್ಲಿ ನಿಲ್ಲಿಸಿ, ಗಾಳಿ ಮಾತ್ರ ಇಳಿಸಬೇಡಿ.

ಟೈರಿಗೂ ಟ್ಯೂಬಿಗೂ ನಡುವೆ ಹಾಕುವ ಪ್ಲಾಸ್ಟಿಕ್ ಪಟ್ಟಿ ಜಾಲಿ ಮುಳ್ಳಿನ ದಾರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಅದರ ತುದಿಯೇ ಟ್ಯೂಬನ್ನು ಉಜ್ಜಿ ತೂತು ಮಾಡಬಹುದು. ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡಿ ಹಾಕಿ. ಟ್ಯೂಬಿನೊಳಗೆ ಸುರಿಯುವ ಸೀಲಂಟ್ ಸೂಜಿಮೊನೆ ತೂತುಗಳನ್ನು ತಾನೇ ಮುಚ್ಚುತ್ತದೆ, ಸೀಳಿಗೆ ಏನೂ ಮಾಡಲಾರದು. ನಾನು ಇವೆರಡಕ್ಕಿಂತ ಮೊದಲು ಸವೆದ ಟೈರ್ ಬದಲಿಸಿ ಅನ್ನುತ್ತೇನೆ. ಮೈಮೇಲಿನ ಗೆರೆಗಳು ಅಳಿಸಿಹೋದ ಟೈರಿಗೆ ಏನು ಹಾಕಿದರೂ ಅಷ್ಟಕ್ಕಷ್ಟೇ.

ಪ್ಯಾಚ್ ಅಂದರೆ ಬರೀ ಅಂಟಿಸುವುದಲ್ಲ

ಚಕ್ರ ಬಿಚ್ಚಿ, ಉಳಿದ ಗಾಳಿ ಬಿಟ್ಟು, ಟೈರಿನ ಅಂಚನ್ನು ಸುತ್ತಲೂ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ. ರಿಮ್ಮಿನ ನಡು ಅಂಚಿಗಿಂತ ಆಳ ಇರುವುದು ಇದಕ್ಕೇ. ಅಂಚು ಆ ತಗ್ಗಿಗೆ ಇಳಿದರೆ ಎದುರು ಬದಿಯಲ್ಲಿ ಟೈರ್ ಸಡಿಲ ಬಿಡುತ್ತದೆ. ಆಮೇಲೆ ಟೈರ್ ಎಬ್ಬುವ ಲಿವರ್ ಹಾಕಿದರೆ ಸಲೀಸಾಗಿ ಬರುತ್ತದೆ. ಸ್ಕ್ರೂಡ್ರೈವರ್ ಮಾತ್ರ ಬೇಡ, ಒಂದು ತೂತು ಮುಚ್ಚಲು ಹೋಗಿ ಎರಡು ಮಾಡಿಕೊಳ್ಳುತ್ತೀರಿ.

ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದ ಜಾಗಕ್ಕೆ ಬಾಲ್ ಪೆನ್ನಿನಲ್ಲಿ ದೊಡ್ಡದಾಗಿ ಕೂಡಿಸುವ ಗುರುತು ಹಾಕಿ. ತೂತಿನ ಮೇಲೆ ಸಣ್ಣ ಚುಕ್ಕೆ ಇಟ್ಟರೆ ಉಜ್ಜಿದಾಗ ಅಳಿಸಿಹೋಗುತ್ತದೆ. ಗೆರೆ ಉದ್ದ ಇದ್ದರೆ ಉಳಿದ ತುದಿಗಳು ದಾರಿ ತೋರಿಸುತ್ತವೆ. ಆಮೇಲೆ ಚೆನ್ನಾಗಿ ಒರೆಸಿ ಒಣಗಿಸಿ.

ಈಗ ಉಜ್ಜುವುದು. ಅವಸರದಲ್ಲಿ ಎಲ್ಲರೂ ಎರಡು ಸಲ ಉಜ್ಜಿ ಬಿಡುತ್ತಾರೆ, ಪ್ಯಾಚ್ ಕಿತ್ತುಬರುವುದು ಅದಕ್ಕೇ. ಟ್ಯೂಬ್ ಅಚ್ಚಿನಿಂದ ಹೊರಗೆ ಬರಲಿ ಅಂತ ಕಾರ್ಖಾನೆಯಲ್ಲಿ ಬಳಸಿದ ಜಾರುಪದಾರ್ಥ ಅದರ ಮೈಮೇಲೆ ಇರುತ್ತದೆ. ಅದು ಹೋಗಿ, ಹೊಳಪು ಅಳಿದು, ರಬ್ಬರ್ ಮಂಕಾಗುವವರೆಗೆ ಉಜ್ಜಬೇಕು. ಟ್ಯೂಬಿನ ಉದ್ದಕ್ಕೂ ಅಚ್ಚಿನ ಗೆರೆ ಉಬ್ಬಿರುತ್ತದಲ್ವಾ, ತೂತು ಅದರ ಹತ್ತಿರ ಇದ್ದರೆ ಆ ಗೆರೆ ಪೂರ್ತಿ ಸಮವಾಗಬೇಕು. ಇಲ್ಲದಿದ್ದರೆ ಅದರ ಪಕ್ಕದ ಸಂದಿಯಲ್ಲೇ ಗಾಳಿ ದಾರಿ ಮಾಡಿಕೊಳ್ಳುತ್ತದೆ.

ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಸೊಲ್ಯೂಶನ್ ತೆಳ್ಳಗೆ ಹಚ್ಚಿ. ಹಚ್ಚಿ ಕಾಯಿರಿ. ಐದು ನಿಮಿಷ. ಜನ ಸೋಲುವುದು ಈ ಐದು ನಿಮಿಷದಲ್ಲಿ. ಸೊಲ್ಯೂಶನ್ ಅಂದರೆ ಗೋಂದಿನ ಹಾಗೆ ಒದ್ದೆಯಲ್ಲೇ ಅಂಟುವುದಲ್ಲ. ಅದು ಬೇಗ ಆರಿಹೋಗುವ ದ್ರವದಲ್ಲಿ ಕರಗಿಸಿದ ರಬ್ಬರ್. ಆ ದ್ರವ ಪೂರ್ತಿ ಹಾರಿಹೋಗಬೇಕು. ಒದ್ದೆ ಇರುವಾಗಲೇ ಪ್ಯಾಚ್ ಇಟ್ಟರೆ ಅದು ಒಳಗೆ ಸಿಕ್ಕಿಕೊಂಡು ಹಿಡಿತ ಕೆಡಿಸುತ್ತದೆ. ಬಾಯಲ್ಲಿ ಊದಿ ಒಣಗಿಸಬೇಡಿ, ಉಸಿರಿನ ತೇವ ಅದರ ಮೇಲೆ ಕೂರುತ್ತದೆ. ಕೆಲವರು ಬೆಂಕಿಕಡ್ಡಿ ಗೀರಿ ಸೊಲ್ಯೂಶನ್ನಿಗೇ ಬೆಂಕಿ ತೋರಿಸುತ್ತಾರೆ. ಮಕ್ಕಳಿರುವ ಮನೆಯಲ್ಲಿ ದಯವಿಟ್ಟು ಅದನ್ನು ಮಾಡಬೇಡಿ. ಅಂಚಿನಲ್ಲಿ ಬೆರಳ ಬೆನ್ನಿನಿಂದ ಮುಟ್ಟಿ ನೋಡಿ. ಬೆರಳಿಗೆ ಏನೂ ಹತ್ತದೆ, ಸ್ವಲ್ಪ ಅಂಟಂಟು ಅನ್ನಿಸಿದರೆ ಹದ ಬಂದಿದೆ.

ಆಮೇಲೆ ಆಗುವುದು ಚಂದದ ಕೆಲಸ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು, ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದರ ಉದ್ದುದ್ದ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ ಅಂತ. ಒಳ್ಳೆಯ ಪ್ಯಾಚಿನ ಅಡಿಯಲ್ಲಿ ಕಿತ್ತಳೆ ಬಣ್ಣದ ಪದರ ಇರುತ್ತದೆ. ಅದು ಇನ್ನೂ ಪೂರ್ತಿ ಬೇಯದ ರಬ್ಬರ್. ಅದೂ ಸೊಲ್ಯೂಶನ್ನೂ ಸೇರಿದಾಗ, ಒಲೆ ಇಲ್ಲದೆಯೇ, ಅದೇ ಕೊಂಡಿ ಹಾಕುವ ಕೆಲಸ ನಿಧಾನವಾಗಿ ನಡೆಯುತ್ತದೆ. ಪ್ಯಾಚ್ ಟ್ಯೂಬಿನ ಮೇಲೆ ಕೂರುವುದಿಲ್ಲ, ಟ್ಯೂಬಿಗೇ ಬೆಸೆದುಕೊಳ್ಳುತ್ತದೆ. ಸರಿಯಾಗಿ ಹಾಕಿದ ಪ್ಯಾಚನ್ನು ಮಾರನೇ ದಿನ ಉಗುರಿನಲ್ಲಿ ಎಬ್ಬಲು ಹೋಗಿ ನೋಡಿ, ಅಂಚೇ ಸಿಗುವುದಿಲ್ಲ.

ತೂತಿನ ಸುತ್ತ ಎಲ್ಲ ಕಡೆ ಒಂದು ಸೆಂಟಿಮೀಟರ್ ಆದರೂ ಮುಚ್ಚುವಂಥ ಪ್ಯಾಚ್ ಆರಿಸಿ. ನಡುವಿನಿಂದ ಅಂಚಿಗೆ ಗಟ್ಟಿಯಾಗಿ ಒತ್ತಿ. ಸುತ್ತ ಉಳಿದ ಸೊಲ್ಯೂಶನ್ ಮೇಲೆ ಚಿಟಿಕೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಟ್ಯೂಬ್ ಟೈರಿಗೆ ಅಂಟಿಕೊಳ್ಳದಿರಲಿ ಅಂತ. ನೋಡಬೇಕು ಅನ್ನುವ ಆಸೆಗೆ ಟ್ಯೂಬನ್ನು ಹೊರಗಡೆಯೇ ಬಲೂನಿನಂತೆ ಊದಿಸಬೇಡಿ. ರಬ್ಬರ್ ಹಿಗ್ಗಿ ಹೊಸ ಪ್ಯಾಚಿನ ಅಂಚು ಏಳುತ್ತದೆ. ಟೈರಿನೊಳಗೆ ಹೋದ ಮೇಲೆ ಗಾಳಿಯೇ ಅದನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ.

ಈಗ ನಾವು ಅರ್ಧ ಗಂಟೆಯಲ್ಲಿ ಮುಗಿಸುವ ಈ ಕೆಲಸ ಮೊದಲು ಹೀಗಿರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್‌ಗೆ ಗಾಳಿ ಟೈರ್ ಮಾಡಿದ. ಆ ಕಾಲದ ಟೈರುಗಳನ್ನು ರಿಮ್ಮಿಗೇ ಅಂಟಿಸಿಬಿಡುತ್ತಿದ್ದರು. ಪಂಚರ್ ಆದರೆ ಗಂಟೆಗಟ್ಟಲೆ ಕಿತ್ತು, ಮತ್ತೆ ಅಂಟಿಸಿ, ರಾತ್ರಿಯಿಡೀ ಒಣಗಲು ಬಿಡಬೇಕಿತ್ತು. 1891ರಲ್ಲಿ ಫ್ರಾನ್ಸಿನ ಮಿಶಲಿನ್ ಸಹೋದರರು ಬಿಚ್ಚಿ ಹಾಕಬಹುದಾದ ಟೈರ್ ತಂದ ಮೇಲೆ ದಾರಿ ಬದಿಯಲ್ಲೇ ಪಂಚರ್ ಹಾಕಿಕೊಳ್ಳುವುದು ಸಾಧ್ಯವಾಯಿತು.

ತಿರುಗಿ ಹಾಕುವಾಗ

ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ. ಖಾಲಿ ಟ್ಯೂಬ್ ಮಡಚಿಕೊಂಡು ಅಂಚಿನ ಕೆಳಗೆ ಸಿಗುತ್ತದೆ. ಟೈರ್ ಕೂರಿಸುವಾಗ ಅದರ ಮೇಲಿನ ಹೆಸರು ವಾಲ್ವ್‌ಗೆ ನೇರವಾಗಿ ಬರುವಂತೆ ಇಡಿ. ಚಂದಕ್ಕಲ್ಲ. ಮುಂದಿನ ಸಲ ಟ್ಯೂಬಿನಲ್ಲಿ ತೂತು ಎಲ್ಲಿದೆ ಅಂತ ಗೊತ್ತಾದರೆ ಟೈರಿನಲ್ಲಿ ಮುಳ್ಳು ಎಲ್ಲಿದೆ ಅಂತಲೂ ಆಗಲೇ ಗೊತ್ತಾಗುತ್ತದೆ. ಕೊನೆಯ ಗೇಣು ಬಿಗಿಯಾಗಿರುತ್ತದೆ. ಲಿವರ್ ಬೇಡ, ಹೆಬ್ಬೆರಳಿನಲ್ಲೇ ತಳ್ಳಿ. ಬರದಿದ್ದರೆ ಎದುರು ಬದಿಯ ಅಂಚು ಆ ತಗ್ಗಿಗೆ ಇಳಿದಿಲ್ಲ ಅಂತ ಅರ್ಥ. ಆಮೇಲೆ ವಾಲ್ವ್ ಅನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಸುತ್ತಲೂ ಟೈರನ್ನು ಪಕ್ಕಕ್ಕೆ ಸರಿಸಿ ಎಲ್ಲಾದರೂ ಟ್ಯೂಬ್ ಇಣುಕುತ್ತಿದೆಯೇ ನೋಡಿ, ಆಮೇಲೆ ಪೂರ್ತಿ ಗಾಳಿ.

ಹೊಸ ಟ್ಯೂಬ್, ಟೈರ್ ತರುವಾಗ 26 ಅಂತ ಮಾತ್ರ ಹೇಳಬೇಡಿ. 26 x 1 3/8 ಬೇರೆ, 26 x 1.95 ಬೇರೆ, ಒಂದರ ಟೈರ್ ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಟೈರ್ ಪಕ್ಕದಲ್ಲಿ 37-590 ಅಥವಾ 50-559 ಅಂತ ಇನ್ನೊಂದು ಅಂಕಿ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಮಿಲಿಮೀಟರಿನಲ್ಲಿ. ಅದನ್ನು ಬರೆದುಕೊಂಡು ಹೋಗಿ.

ಶನಿವಾರ, ಭಾನುವಾರ ನಂದಿಬೆಟ್ಟ ಹತ್ತಲು ಬೆಂಗಳೂರಿಂದ ಬರುವವರಿಗೆ ಒಂದು ಮಾತು. ನಿಮ್ಮ ಸೈಕಲ್‌ಗಳ ಸಪೂರ ಪ್ರೆಸ್ಟಾ ವಾಲ್ವ್‌ಗೆ ನಮ್ಮ ಹಳ್ಳಿ ಅಂಗಡಿಗಳ ಪಂಪು ಕೂರದೆ ಇರಬಹುದು. ಉಗುರಿನಷ್ಟು ಗಾತ್ರದ ಒಂದು ಹಿತ್ತಾಳೆ ಅಡಾಪ್ಟರ್ ಬರುತ್ತದೆ, ಅದನ್ನು ವಾಲ್ವ್‌ಗೆ ತಿರುಗಿಸಿದರೆ ಬೈಕಿಗೆ ಗಾಳಿ ಹಾಕುವ ಪೈಪೂ ಹಿಡಿಯುತ್ತದೆ. ಜೇಬಿನಲ್ಲಿ ಇಟ್ಟುಕೊಂಡೇ ಬನ್ನಿ.

ಅಕ್ಕನ ಮಗನ ಬ್ಯಾಗಿನಲ್ಲಿ ಈಗ ಜಾಮಿಟ್ರಿ ಬಾಕ್ಸ್ ಪಕ್ಕ ಇನ್ನೊಂದು ಹಳೇ ಜಾಮಿಟ್ರಿ ಬಾಕ್ಸ್ ಇದೆ. ಅದರಲ್ಲಿ ನಾಲ್ಕು ಪ್ಯಾಚ್, ಒಂದು ಸೊಲ್ಯೂಶನ್, ಒಂದು ತುಂಡು ಉಪ್ಪುಕಾಗದ, ಗೇಣುದ್ದ ವಾಲ್ ಟ್ಯೂಬ್, ಒಂದು ಉಗುರು ಕಟ್ಟರ್. ಮೊನ್ನೆ ಕೆರೆ ಏರಿ ಮೇಲೆ ತನ್ನ ಗೆಳೆಯನ ಟ್ಯೂಬನ್ನು ಮಡಿಲ ಮೇಲೆ ಹಾಕಿಕೊಂಡು ಕೂತಿದ್ದ. ನಾನು ಹತ್ತಿರ ಹೋದಾಗ ತಲೆ ಎತ್ತದೆ, "ಇರಿ ಮಾವ, ಇನ್ನೂ ಎರಡು ನಿಮಿಷ ಒಣಗಬೇಕು" ಅಂದ.